ಕಡಲಾಳದಲ್ಲಿ ಭಯ: ಮುಚ್ಚಿಟ್ಟರೆ ಅಪಾಯ, ಹೇಳಿಕೊಂಡರೆ ಅಭಯ

ಮಕ್ಕಳಿಗೆ ನಾವು ದಿನನಿತ್ಯ ನೀಡುವ ಉಪದೇಶಗಳಲ್ಲಿ "ಹೆದರಬೇಡ" ಎಂಬುದಕ್ಕೆ ಮೊದಲ ಸ್ಥಾನವಿದೆ. ಕತ್ತಲೆಯ ಕೋಣೆಗೆ ಹೋಗಲು ಹಿಂಜರಿಯುವ ಮಗುವಿಗೆ, ಪರೀಕ್ಷೆಯ ಮುನ್ನಾದಿನ ನಿದ್ದೆಗೆಟ್ಟ ವಿದ್ಯಾರ್ಥಿನಿಗೆ, ಮೊದಲ ಬಾರಿಗೆ ಕೊಲ್ಲಿ ರಾಷ್ಟ್ರಕ್ಕೆ ದುಡಿಯಲು ಹೊರಟ ತರುಣನಿಗೆ ನಾವು ಹೇಳುವುದು ಈ ಒಂದೇ ಮಾತು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳುವವರು ಕೆಲವೊಮ್ಮೆ ಬೇರೆಯೇ ಪಾಠವನ್ನು ಕಲಿಯುತ್ತಾರೆ. ಭಯಪಡಬಾರದು ಎಂದಲ್ಲ, ಭಯವನ್ನು ಹೊರಗೆ ತೋರಿಸಬಾರದು ಎಂದು. ಈ ಎರಡರ ನಡುವಿನ ಅಂತರ ನೆಲದ ಮೇಲೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ಕಡಲಿನ ಆಳದಲ್ಲಿ ಅದು ಬದುಕು ಸಾವಿನ ನಡುವಿನ ಅಂತರವೇ ಆಗಬಲ್ಲದು.

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿ, ನೇತ್ರಾಣಿ ಎಂಬ ದ್ವೀಪವಿದೆ. ಪಾರಿವಾಳ ದ್ವೀಪವೆಂದೂ ಅದನ್ನು ಕರೆಯುವುದುಂಟು. ಮಳೆಗಾಲ ಕಳೆದು ಕಡಲು ಶಾಂತವಾದ ಬಳಿಕ, ಹವಳಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ಕಾಣುವ ಹಂಬಲದಿಂದ ಯುವಜನರು ದೋಣಿಯೇರಿ ಅಲ್ಲಿಗೆ ಹೋಗುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುತ್ತಾ ಮುಳುಗುವ ಈ ಕ್ರೀಡೆಗೆ ಸ್ಕೂಬಾ ಡೈವಿಂಗ್ ಎಂದು ಹೆಸರು.

ಆ ದೋಣಿಯ ಅಂಚಿನಲ್ಲಿ ಕುಳಿತ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಹಣ ಕಟ್ಟಿಯಾಗಿದೆ. ಗೆಳೆಯರು ಕ್ಯಾಮರಾ ಹಿಡಿದು ಕಾದಿದ್ದಾರೆ. ಅವನ ಎದೆ ಢವಢವಿಸುತ್ತಿದೆ, ಬಾಯಿ ಒಣಗಿದೆ. "ಏನಾದರೂ ತೊಂದರೆಯೇ?" ಎಂದು ತರಬೇತುದಾರ ಕೇಳುತ್ತಾನೆ. "ಏನೂ ಇಲ್ಲ" ಎಂದು ಯುವಕ ನಗುತ್ತಾನೆ. ಆ ನಗುವಿನ ಹಿಂದೆ ಅಡಗಿಕೊಂಡ ಭಯ ನೀರಿಗಿಳಿದ ಮೇಲೆ ಏನಾಗುತ್ತದೆ? ನಮ್ಮ ಮನೆಗಳ ಮಕ್ಕಳೂ ಇಂದು ಇಂಥ ದೋಣಿಗಳನ್ನು ಏರುತ್ತಿರುವುದರಿಂದ ಈ ಪ್ರಶ್ನೆಯನ್ನು ತುಸು ನಿಧಾನವಾಗಿ ವಿಚಾರಿಸುವುದು ಯುಕ್ತ.

ನೀರಿನೊಳಗೆ ಉಸಿರು

ಮನುಷ್ಯನು ನೀರಿನೊಳಗೆ ಸ್ವತಂತ್ರವಾಗಿ ಉಸಿರಾಡುತ್ತಾ ಸಂಚರಿಸುವುದು ಸುಲಭಸಾಧ್ಯವಾದದ್ದು ತೀರಾ ಇತ್ತೀಚೆಗೆ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಎಂಬವರು 1943ರಲ್ಲಿ ಆಕ್ವಾಲಂಗ್ ಎಂಬ ಉಪಕರಣವನ್ನು ರೂಪಿಸಿದರು. ಅದರ ಹೃದಯಭಾಗವೇ ರೆಗ್ಯುಲೇಟರ್. ಮುಳುಗುವವನು ಉಸಿರನ್ನು ಒಳಗೆಳೆದುಕೊಂಡಾಗ ಮಾತ್ರ ಅದು ಗಾಳಿಯನ್ನು ಕೊಡುತ್ತದೆ. ಆತ ಎಷ್ಟು ಆಳದಲ್ಲಿದ್ದಾನೋ ಅಲ್ಲಿನ ನೀರಿನ ಒತ್ತಡಕ್ಕೆ ಸರಿಯಾದ ಒತ್ತಡದಲ್ಲಿಯೇ ಕೊಡುತ್ತದೆ. ಕೇಳಿದಷ್ಟನ್ನು, ಕೇಳಿದಾಗ ನೀಡುವ ಸಾಧನ ಅದು.

ಕಡಲಿನ ಮೇಲ್ಮೈಯಲ್ಲಿ ನಮ್ಮ ಮೇಲಿರುವ ಒತ್ತಡವನ್ನು ಒಂದು ಎಂದು ಎಣಿಸಿದರೆ, 10 ಮೀಟರ್ ಆಳದಲ್ಲಿ ಅದು ಎರಡು, 20 ಮೀಟರಿನಲ್ಲಿ ಮೂರು, 30 ಮೀಟರಿನಲ್ಲಿ ನಾಲ್ಕು ಪಟ್ಟಾಗುತ್ತದೆ. ಆದುದರಿಂದ 10 ಮೀಟರ್ ಆಳದಲ್ಲಿ ಎಳೆದುಕೊಂಡ ಒಂದೊಂದು ಉಸಿರಿಗೂ ಸಿಲಿಂಡರಿನಿಂದ ಎರಡು ಪಟ್ಟು ಗಾಳಿ ವ್ಯಯವಾಗುತ್ತದೆ. ಸಾಮಾನ್ಯವಾಗಿ ಬಳಸುವ ಸಿಲಿಂಡರಿನಲ್ಲಿ ಸುಮಾರು 2,200ರಿಂದ 2,400 ಲೀಟರಿನಷ್ಟು ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಶಾಂತವಾಗಿ, ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಅದು ಹೆಚ್ಚುಕಡಿಮೆ ಒಂದು ಗಂಟೆ ಸಾಲಬಹುದು. ಹೆದರಿ ಏದುಸಿರು ಬಿಡುವವನಿಗೆ ಅದರ ಅರ್ಧವೂ ಸಾಲದು. ಇಬ್ಬರೂ ಹೊತ್ತಿರುವುದು ಒಂದೇ ಬಗೆಯ ಸಿಲಿಂಡರ್. ಹಾಗಿದ್ದರೂ ಮನಸ್ಸಿನ ಸ್ಥಿತಿಗೆ ಅನುಸಾರವಾಗಿ ಒಬ್ಬನ ಪಾಲಿಗೆ ಸಮಯ ಹಿಗ್ಗುತ್ತದೆ, ಇನ್ನೊಬ್ಬನ ಪಾಲಿಗೆ ಕುಗ್ಗುತ್ತದೆ.

ಭಯದಿಂದ ಗಾಬರಿಗೆ

ಭಯ, ಆತಂಕ, ಗಾಬರಿ ಎಂಬ ಮೂರು ಮಾತುಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ವಾಸ್ತವದಲ್ಲಿ ಅವು ಮೂರು ಬೇರೆ ಬೇರೆ ಸ್ಥಿತಿಗಳು. ಎದುರಿಗಿರುವ ಅಪಾಯವನ್ನು ಕಂಡು ಮನಸ್ಸು ಎಚ್ಚೆತ್ತುಕೊಳ್ಳುವುದು ಭಯ. ಇನ್ನೂ ಬಾರದ, ಬರಬಹುದಾದ ಕೇಡನ್ನು ನೆನೆದು ಕೊರಗುವುದು ಆತಂಕ. ಬುದ್ಧಿಯ ಹಿಡಿತ ತಪ್ಪಿ, ದೇಹವು ತನ್ನಷ್ಟಕ್ಕೆ ವರ್ತಿಸತೊಡಗುವುದು ಗಾಬರಿ. ಮೊದಲನೆಯ ಎರಡು ಸ್ಥಿತಿಗಳಲ್ಲಿ ಮನುಷ್ಯನು ಇನ್ನೂ ತನ್ನ ಒಡೆಯನಾಗಿ ಉಳಿದಿರುತ್ತಾನೆ. ಮೂರನೆಯದರಲ್ಲಿ ಹಾಗಲ್ಲ.

ಈ ಜಾರುವಿಕೆ ನಡೆಯುವುದು ಉಸಿರಿನ ಮೂಲಕ. ನಾವು ವಿಶ್ರಾಂತಿಯಲ್ಲಿರುವಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಸೇವಿಸುತ್ತೇವೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ನಿರುಪಯುಕ್ತವಾಗಿ ಹಿಂದಿರುಗುತ್ತದೆ. ಹೆದರಿದವನ ಉಸಿರು ಮೇಲುಮೇಲಿನದು. ಆತ ಒಂದು ಬಾರಿಗೆ 250 ಮಿಲಿಲೀಟರ್ ಮಾತ್ರ ಎಳೆದುಕೊಂಡರೆ, ಶ್ವಾಸಕೋಶದ ಒಳಭಾಗವನ್ನು ತಲಪುವುದು ಬರೇ 100 ಮಿಲಿಲೀಟರ್. ಬಾಯಲ್ಲಿ ಕಚ್ಚಿಕೊಂಡ ಉಪಕರಣವೂ ಆ ವ್ಯರ್ಥ ಭಾಗಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಆಳಕ್ಕೆ ಹೋದಂತೆ ಗಾಳಿಯೂ ದಟ್ಟವಾಗಿ, ಉಸಿರಾಟ ಹೆಚ್ಚು ಶ್ರಮದ ಕೆಲಸವಾಗುತ್ತದೆ. ಹೀಗೆ ದೇಹದಲ್ಲಿ ಇಂಗಾಲದ ಡೈ ಆಕ್ಸೈಡ್ ಶೇಖರವಾಗತೊಡಗುತ್ತದೆ.

"ಉಸಿರು ಕಟ್ಟುತ್ತಿದೆ" ಎಂಬ ಸಂಕಟ ನಮ್ಮಲ್ಲಿ ಹುಟ್ಟುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಿಂದಲ್ಲ, ಈ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದುದರಿಂದ. ಆದುದರಿಂದ ಸಿಲಿಂಡರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಗಾಳಿಯೇ ಇಲ್ಲವೆಂದು ಅವನಿಗೆ ಭಾಸವಾಗುತ್ತದೆ. ಆ ಅನಿಸಿಕೆಯಿಂದ ಭಯ ಹೆಚ್ಚುತ್ತದೆ. ಭಯದಿಂದ ಉಸಿರು ಇನ್ನಷ್ಟು ಚಿಕ್ಕದಾಗುತ್ತದೆ. ಇದೊಂದು ವಿಷಚಕ್ರ.

ಚಕ್ರ ಇನ್ನೂ ಒಂದು ಸುತ್ತು ಹೊರಳಿದರೆ ಬರುವುದು ಗಾಬರಿ. ಹಾಗೆ ಗಾಬರಿಗೊಂಡವನು ತನ್ನ ಬಾಯಲ್ಲಿರುವ ರೆಗ್ಯುಲೇಟರನ್ನೇ ಉಗುಳಿಬಿಡುವುದುಂಟು, ಮುಖಗವಸನ್ನು ಕಿತ್ತೆಸೆಯುವುದುಂಟು. ಉಸಿರುಕಟ್ಟಿದ ಮುಖದ ಮೇಲೆ ಏನೇ ಇದ್ದರೂ ತೆಗೆದೆಸೆಯುವುದು, ಮೇಲಕ್ಕೆ ಓಡುವುದು, ಉಸಿರನ್ನು ಬಿಗಿಹಿಡಿಯುವುದು ನೆಲದ ಜೀವಿಯಾದ ನಮಗೆ ಹುಟ್ಟಿನಿಂದ ಬಂದ ಬುದ್ಧಿ. ನೀರಿನಲ್ಲಿ ಇವೆಲ್ಲವೂ ತಲೆಕೆಳಗಾಗುತ್ತವೆ. ಒತ್ತಡ ಕಡಿಮೆಯಾದಂತೆ ಗಾಳಿ ಹಿಗ್ಗುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿಯೇ ನಿಯಮವಾಗಿ ಪ್ರಕಟಿಸಿದ್ದನು. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದವನ ಶ್ವಾಸಕೋಶದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಜಾಗವನ್ನು ಬೇಡುತ್ತದೆ. ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ ಮೆದುಳಿಗೆ ಹೋಗಿ ಪ್ರಾಣಾಪಾಯವಾಗಬಹುದು. ನೀರಿನೊಳಗೆ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು ಎಂಬುದೇ ಸ್ಕೂಬಾ ತರಬೇತಿಯ ಮೊದಲನೆಯ ನಿಯಮವಾಗಿರುವುದು ಇದೇ ಕಾರಣಕ್ಕೆ.

ಇದು ಹೇಡಿಗಳಿಗೆ ಮಾತ್ರ ಬರುವ ಸ್ಥಿತಿಯೆಂದು ಯಾರೂ ತಿಳಿಯಬಾರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಗನ್ 1995ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪ್ರಶ್ನಿಸಲ್ಪಟ್ಟ ಹವ್ಯಾಸಿ ಮುಳುಗುಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಒಮ್ಮೆಯಾದರೂ ಗಾಬರಿ ಅಥವಾ ಗಾಬರಿಗೆ ಸಮೀಪದ ಅನುಭವವಾಗಿದೆ ಎಂದು ಒಪ್ಪಿಕೊಂಡಿದ್ದರು. ಅನುಭವಸ್ಥರೂ ಇದಕ್ಕೆ ಹೊರತಲ್ಲ.

ತತ್ವಜ್ಞಾನಿಗಳು ಕಂಡ ಭಯ

ಭಯದ ಬಗ್ಗೆ ಹಿಂದಿನವರು ಆಳವಾಗಿ ಚಿಂತಿಸಿದ್ದಾರೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಮೂರನೆಯ ಪುಸ್ತಕದಲ್ಲಿ ಧೈರ್ಯವನ್ನು ಕುರಿತು ಬರೆಯುವಾಗ, ಭೂಕಂಪಕ್ಕಾಗಲಿ ಕಡಲಿನ ತೆರೆಗಳಿಗಾಗಲಿ ಹೆದರದವನನ್ನು ಧೀರನೆಂದು ಕರೆಯಲು ಒಪ್ಪುವುದಿಲ್ಲ. ಅಂಥವನು ಹುಚ್ಚನೋ ಸಂವೇದನೆಯಿಲ್ಲದವನೋ ಆಗಿರಬೇಕು ಎನ್ನುವುದು ಅವನ ಅಭಿಪ್ರಾಯ. ಹೆದರಬೇಕಾದುದಕ್ಕೆ, ಹೆದರಬೇಕಾದ ಸಮಯದಲ್ಲಿ, ಹೆದರಬೇಕಾದಷ್ಟೇ ಹೆದರುವವನು ಧೈರ್ಯವಂತ. ನಾವಿಕರು ಕಡಲಿನಲ್ಲಿ ಭರವಸೆಯಿಂದಿರುವುದು ಅವರ ಅನುಭವದ ಬಲದಿಂದ ಎಂಬುದನ್ನೂ ಅವನು ಗುರುತಿಸಿದ್ದಾನೆ. ಕಲಿತ ಕೈಗೆ ಭಯ ಕಡಿಮೆ ಎಂಬ ಮಾತು ಮುಳುಗುಗಾರರಿಗೂ ಸಲ್ಲುತ್ತದೆ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿದರು. ಸುಮ್ಮಾ ಥಿಯೋಲಾಜಿಕಾ ಎಂಬ ತಮ್ಮ ಮಹಾಗ್ರಂಥದಲ್ಲಿ ಭಯದ ಪರಿಣಾಮಗಳಿಗೆಂದೇ ಅವರು ಒಂದು ಪ್ರಶ್ನೆಯನ್ನು ಮೀಸಲಿಟ್ಟಿದ್ದಾರೆ. ಭಯವು ಮನುಷ್ಯನನ್ನು ಕುಗ್ಗಿಸುತ್ತದೆ ಎಂದು ಹೇಳಿ ಅವರು ಒಂದು ಹೋಲಿಕೆಯನ್ನು ಕೊಡುತ್ತಾರೆ. ಹೆದರಿದ ಪಟ್ಟಣದ ಜನ ಹೊರವಲಯವನ್ನು ತೊರೆದು ಒಳಕೇರಿಗಳಿಗೆ ನುಗ್ಗುವಂತೆ, ಹೆದರಿದವನ ಶಕ್ತಿಯೆಲ್ಲವೂ ಒಳಕ್ಕೆ ಸರಿದುಕೊಳ್ಳುತ್ತದೆ. ಇಂದಿನ ಮನಶ್ಶಾಸ್ತ್ರಜ್ಞರು ಗಮನದ ಸಂಕೋಚ ಎಂದು ಕರೆಯುವುದಕ್ಕೆ ಇದು ಬಹಳ ಹತ್ತಿರವಾಗಿದೆ. ಗಾಬರಿಗೊಂಡ ಮುಳುಗುಗಾರನಿಗೆ ಕೈಯಳತೆಯಲ್ಲಿರುವ ಸಂಗಾತಿ ಕಾಣುವುದಿಲ್ಲ. ಒಂದೇ ಎಳೆತಕ್ಕೆ ಕಳಚಿ ತೇಲಬಹುದಾದ ಸೊಂಟದ ತೂಕದ ಪಟ್ಟಿಯೂ ನೆನಪಾಗುವುದಿಲ್ಲ.

ಆದರೆ ಸಂತ ಥಾಮಸರು ಅಷ್ಟಕ್ಕೇ ನಿಲ್ಲುವುದಿಲ್ಲ. ಭಯ ಮಿತವಾಗಿದ್ದು ಬುದ್ಧಿಯನ್ನು ಕದಡದಿದ್ದರೆ ಅದು ಕೆಲಸಕ್ಕೆ ಸಹಾಯಕವೇ ಸರಿ, ಅದರಿಂದ ಮನುಷ್ಯನು ಎಚ್ಚರಗೊಂಡು, ಇತರರ ಸಲಹೆಯನ್ನು ಕೇಳಿ, ಹೆಚ್ಚು ಗಮನವಿಟ್ಟು ದುಡಿಯುತ್ತಾನೆ ಎಂಬುದು ಅವರ ನಿಲುವು. ಬುದ್ಧಿಯನ್ನು ಕದಡುವ ಮಟ್ಟಿಗೆ ಬೆಳೆದಾಗ ಮಾತ್ರ ಅದು ಅಡ್ಡಿಯಾಗುತ್ತದೆ. ಇಲ್ಲಿ ಸಲಹೆ ಕೇಳುವುದು ಎಂಬ ಅಂಶವನ್ನು ನಾವು ವಿಶೇಷವಾಗಿ ಗಮನಿಸಬೇಕು. ಒಳ್ಳೆಯ ಭಯ ಬಾಯಿ ಬಿಡುತ್ತದೆ, ಇನ್ನೊಬ್ಬರನ್ನು ಕೇಳುತ್ತದೆ. ಬಾಯಿ ಮುಚ್ಚಿಸಿದ ಭಯವು ಒಳಗೆ ಕುಳಿತು ಬೆಳೆಯುತ್ತದೆ.

ನಿಲ್ಲು, ಉಸಿರಾಡು, ಯೋಚಿಸು, ಅನಂತರ ಮಾಡು

ಸ್ಕೂಬಾ ತರಬೇತಿಯ ಕ್ರಮವನ್ನು ಪರಿಶೀಲಿಸಿದರೆ ಅದು ಭಯವನ್ನು ಅಳಿಸುವ ಪ್ರಯತ್ನವಲ್ಲವೆಂದು ತಿಳಿಯುತ್ತದೆ. ಭಯ ಬಂದಾಗ ಕೈಗೆ ಕೆಲಸ ಕೊಡುವ, ಬಾಯಿಗೆ ಭಾಷೆ ಕೊಡುವ ಪ್ರಯತ್ನವದು. ಮೊದಲಿಗೆ ಈಜುಕೊಳದಲ್ಲಿಯೋ ಎದೆಮಟ್ಟದ ನೀರಿನಲ್ಲಿಯೋ ಅಭ್ಯಾಸ ನಡೆಯುತ್ತದೆ. ಮುಖಗವಸಿನೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು, ತಲೆಯನ್ನು ತುಸು ಮೇಲಕ್ಕೆತ್ತಿ, ಮೂಗಿನಿಂದ ಗಾಳಿ ಬಿಟ್ಟು ಅದನ್ನು ಹೊರಹಾಕಲು ಕಲಿಸುತ್ತಾರೆ. ರೆಗ್ಯುಲೇಟರನ್ನು ಬಾಯಿಂದ ತೆಗೆದು, ಸಣ್ಣದಾಗಿ ಗುಳ್ಳೆ ಬಿಡುತ್ತಾ, ಕೈಯನ್ನು ಬೀಸಿ ಅದನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳಲು ಕಲಿಸುತ್ತಾರೆ. ಸಂಗಾತಿಯ ಬಳಿಯಿರುವ ಹೆಚ್ಚುವರಿ ರೆಗ್ಯುಲೇಟರಿನಿಂದ ಉಸಿರಾಡಲು ಕಲಿಸುತ್ತಾರೆ. ಒಮ್ಮೆ ಸಂಭವಿಸಿ, ಒಮ್ಮೆ ಸರಿಪಡಿಸಲ್ಪಟ್ಟ ಅನಾಹುತ ಎರಡನೆಯ ಬಾರಿ ಬಂದಾಗ ಪರಿಚಿತನಂತೆ ಬರುತ್ತದೆ.

ಕಿವಿನೋವೂ ಭಯಕ್ಕೆ ಒಂದು ಸಾಮಾನ್ಯ ಕಾರಣ. ಇಳಿಯುವಾಗ ಮೊದಲ ಕೆಲವು ಮೀಟರುಗಳಲ್ಲಿಯೇ ಒತ್ತಡ ಕಿವಿಯ ತಮಟೆಯನ್ನು ಒತ್ತತೊಡಗುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಗಾಳಿಯೂದಿ ಅದನ್ನು ಸರಿದೂಗಿಸಬೇಕು. ನೋವು ನಿಲ್ಲದಿದ್ದರೆ ತುಸು ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಬೇಕು. ಹಲ್ಲು ಕಚ್ಚಿ ಸಹಿಸುವುದು ಇಲ್ಲಿ ಶೌರ್ಯವಲ್ಲ, ಅವಿವೇಕ. ಸಾಧ್ಯವಿದ್ದರೆ ಇಳಿಬಿಟ್ಟ ಹಗ್ಗವೊಂದನ್ನು ಹಿಡಿದುಕೊಂಡು ಇಳಿಯುವುದು ಹೊಸಬರಿಗೆ ಒಳ್ಳೆಯದು. ಕೈಗೆ ಏನೋ ಒಂದು ಸಿಕ್ಕಿದೆ ಎಂಬ ಅರಿವೇ ಅರ್ಧ ಆತಂಕವನ್ನು ಇಳಿಸುತ್ತದೆ.

ನೀರಿನೊಳಗೆ ಭಯ ಮೇಲೇಳತೊಡಗಿದಾಗ ಅನುಸರಿಸಬೇಕಾದ ಸೂತ್ರ ನಾಲ್ಕೇ ಮಾತಿನದು: ನಿಲ್ಲು, ಉಸಿರಾಡು, ಯೋಚಿಸು, ಅನಂತರ ಮಾಡು. ಮೊದಲು ಕೈಕಾಲುಗಳ ಚಲನೆಯನ್ನು ನಿಲ್ಲಿಸಬೇಕು, ಏಕೆಂದರೆ ಶ್ರಮವೇ ಏದುಸಿರಿಗೆ ಮೂಲ. ಬಳಿಕ ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಬಿಡಬೇಕು. ಹೆದರಿದವನು ಒಳಗೆಳೆಯಲು ಹವಣಿಸುತ್ತಾನೆ, ಆದರೆ ಔಷಧವಿರುವುದು ಹೊರಬಿಡುವುದರಲ್ಲಿ. ಒಳಗೆ ಸೇರಿಕೊಂಡ ಕೆಟ್ಟ ಗಾಳಿ ಹೊರಹೋದರೆ ಮಾತ್ರ ಒಳ್ಳೆಯ ಗಾಳಿಗೆ ಸ್ಥಳ. ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸುತ್ತಾ ಎಳೆದುಕೊಂಡು, ಆರರವರೆಗೆ ಎಣಿಸುತ್ತಾ ಬಿಟ್ಟರೆ ಕೆಲವೇ ಉಸಿರುಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗಮನಿಸಿ, ಈ ಸೂತ್ರದಲ್ಲಿ ಕ್ರಿಯೆಗೆ ಕೊನೆಯ ಸ್ಥಾನ. ಗಾಬರಿಗೊಂಡವನು ಮೊದಲು ಮಾಡಿ ಆಮೇಲೆ ಯೋಚಿಸುತ್ತಾನೆ, ಯೋಚಿಸಲು ಉಳಿದಿದ್ದರೆ.

ನೀರಿನೊಳಗೆ ಮಾತಿಲ್ಲ, ಸನ್ನೆಯಿದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲವೂ ಸರಿಯಾಗಿದೆ ಎಂದು ಅರ್ಥ. ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಅತ್ತಿತ್ತ ಓಲಾಡಿಸಿದರೆ ಏನೋ ಸರಿಯಿಲ್ಲ ಎಂದು ಅರ್ಥ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ, ನೆಲದ ಮೇಲಿನಂತೆ ಶಾಬಾಶ್ ಎಂದಲ್ಲ, ನಾನು ಮೇಲಕ್ಕೆ ಹೋಗಬೇಕು ಎಂದು ಅರ್ಥ. ಒಳ್ಳೆಯ ಮುಳುಗುಗಾರರಲ್ಲಿ ಒಂದು ಸಂಪ್ರದಾಯವಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಆ ಹೆಬ್ಬೆರಳನ್ನು ಎತ್ತಬಹುದು. ಜೊತೆಗಿದ್ದವರು ಮರುಪ್ರಶ್ನೆಯಿಲ್ಲದೆ ಅವರೊಂದಿಗೆ ನಿಧಾನವಾಗಿ ಮೇಲಕ್ಕೆ ಬರಬೇಕು. ಮೇಲಕ್ಕೆ ಬಂದ ಮೇಲೂ ಹಂಗಿಸಕೂಡದು. ಭಯವನ್ನು ಹೇಳಿಕೊಳ್ಳುವ ಹಕ್ಕನ್ನು ಇಷ್ಟು ಗೌರವದಿಂದ ಕಾಪಾಡುವ ಕ್ರೀಡೆ ಬೇರೊಂದಿದೆಯೋ ಇಲ್ಲವೋ.

ಥಾಯ್ಲೆಂಡಿನ ಗುಹೆಯಲ್ಲಿ

ತರಬೇತಿಯೇ ಇಲ್ಲದವರನ್ನು ಅನಿವಾರ್ಯವಾಗಿ ನೀರಿನೊಳಗಿಂದ ಸಾಗಿಸಬೇಕಾಗಿ ಬಂದರೆ ಗಾಬರಿ ಎಷ್ಟು ದೊಡ್ಡ ಶತ್ರುವಾಗುತ್ತದೆ ಎಂಬುದನ್ನು 2018ರಲ್ಲಿ ಇಡೀ ಜಗತ್ತು ಕಂಡಿತು. ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತದ ಥಾಮ್ ಲುವಾಂಗ್ ಗುಹೆಯೊಳಗೆ ಜೂನ್ 23ರಂದು ಫುಟ್‌ಬಾಲ್ ತಂಡದ 12 ಬಾಲಕರೂ ಅವರ ತರುಣ ತರಬೇತುದಾರರೂ ಮಳೆನೀರಿನಿಂದ ಸಿಲುಕಿಕೊಂಡರು. ಬಾಲಕರ ಪ್ರಾಯ 11ರಿಂದ 16 ವರ್ಷ. ಜುಲೈ 2ರಂದು ಬ್ರಿಟನ್ನಿನ ಗುಹಾ ಮುಳುಗುಗಾರರಾದ ರಿಚರ್ಡ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್ ಅವರನ್ನು ಪತ್ತೆಹಚ್ಚಿದರು. ಹಿಂದೆ ಬೌದ್ಧ ಮಠವೊಂದರಲ್ಲಿ ಇದ್ದ ತರಬೇತುದಾರರು ಕತ್ತಲೆಯಲ್ಲಿ ಬಾಲಕರಿಗೆ ಧ್ಯಾನವನ್ನು ಕಲಿಸಿ ಅವರ ಮನಸ್ಸನ್ನೂ ಉಸಿರನ್ನೂ ಶಾಂತವಾಗಿ ಇರಿಸಿದ್ದರೆಂಬುದು ಆಗ ಬೆಳಕಿಗೆ ಬಂತು.

ಆದರೆ ಹೊರಗೆ ತರುವುದು ಹೇಗೆ? ಕೆಸರು ನೀರು ತುಂಬಿದ ಇಕ್ಕಟ್ಟಾದ ಬಿಲಗಳಲ್ಲಿ ಕಣ್ಣಿಗೆ ಏನೂ ಕಾಣಿಸದು. ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನಾನ್ ಗಾಳಿಯ ಸಿಲಿಂಡರುಗಳನ್ನು ಒಯ್ದಿಟ್ಟು ಮರಳುವಾಗ ಜುಲೈ 6ರಂದು ಪ್ರಾಣವನ್ನೇ ತೆತ್ತರು. ಅದಕ್ಕೆ ಮೊದಲು ಗುಹೆಯೊಳಗೆ ಸಿಲುಕಿದ್ದ ನಾಲ್ವರು ಕೆಲಸಗಾರರನ್ನು ಅಲ್ಪ ದೂರ ನೀರಿನೊಳಗಿಂದ ಕರೆತರುವಾಗ, ವಯಸ್ಕರಾದ ಅವರೇ ಗಾಬರಿಗೊಂಡು ಒದ್ದಾಡಿದ್ದನ್ನು ಬ್ರಿಟಿಷ್ ಮುಳುಗುಗಾರರು ಕಂಡಿದ್ದರು. ಬಾಲಕನೊಬ್ಬ ಅರ್ಧದಾರಿಯಲ್ಲಿ ಗಾಬರಿಗೊಂಡರೆ ಅವನೂ ಉಳಿಯಲಾರ, ಅವನನ್ನು ಕರೆತರುವವನೂ ಉಳಿಯಲಾರ.

ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರೂ ಗುಹಾ ಮುಳುಗುಗಾರರೂ ಆದ ರಿಚರ್ಡ್ ಹ್ಯಾರಿಸ್ ಅವರ ಮೇಲೆ ಆ ಹೊಣೆ ಬಿತ್ತು. ಯೋಜನೆಯ ಬಗ್ಗೆ ಅವರಿಗೇ ಭರವಸೆಯಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಆತಂಕ ಶಮನದ ಗುಳಿಗೆಯನ್ನೂ ಕೆಟಮೀನ್ ಎಂಬ ಅರಿವಳಿಕೆ ಮದ್ದನ್ನೂ ನೀಡಿ, ಪೂರ್ಣ ಮುಖವನ್ನು ಮುಚ್ಚುವ ಗವಸನ್ನು ತೊಡಿಸಿ, ಒಬ್ಬೊಬ್ಬ ಬಾಲಕನನ್ನು ಒಬ್ಬೊಬ್ಬ ಮುಳುಗುಗಾರ ನಿದ್ರಾವಸ್ಥೆಯಲ್ಲಿಯೇ ಹೊರಕ್ಕೆ ತಂದರು. ಜುಲೈ 8ರಿಂದ 10ರವರೆಗೆ ಮೂರು ದಿನಗಳಲ್ಲಿ ಹದಿಮೂರು ಮಂದಿಯೂ ಬದುಕಿ ಹೊರಬಂದರು. ನೀರು, ಕತ್ತಲೆ, ಕಲ್ಲುಗಳಿಗಿಂತಲೂ ಗಾಬರಿಗೆ ಹೆಚ್ಚು ಅಂಜಿದ ಆ ತಜ್ಞರು, ಮಕ್ಕಳ ಪ್ರಜ್ಞೆಯನ್ನೇ ತಾತ್ಕಾಲಿಕವಾಗಿ ಮಲಗಿಸಿದರು. ಸಾಮಾನ್ಯ ಮುಳುಗುಗಾರನಿಗೆ ಈ ಮಾರ್ಗವಿಲ್ಲ. ಅವನು ಎಚ್ಚರವಾಗಿದ್ದುಕೊಂಡೇ ತನ್ನ ಭಯವನ್ನು ನಿಭಾಯಿಸಬೇಕು.

ಅಗಾಧದಲ್ಲಿ ನಿಂತ ಕ್ರಿಸ್ತ

ಗೆಳೆಯನನ್ನು ಕಡಲು ಕಸಿದುಕೊಂಡ ಮೇಲೂ ಅದೇ ಕಡಲಿಗೆ ಮರಳಬೇಕಾದವರು ತಮ್ಮ ಭಯವನ್ನು ಎಲ್ಲಿ ಇಳಿಸಬೇಕು? ಇಟಲಿಯ ಮುಳುಗುಗಾರರು ಇದಕ್ಕೆ ಕಂಡುಕೊಂಡ ಉತ್ತರ ನಮಗೆಲ್ಲ ಆಪ್ತವಾದುದು. ಜಿನೋವಾ ನಗರದ ಸಮೀಪದ ಸಾನ್ ಫ್ರುತ್ತುವೊಸೊ ಕೊಲ್ಲಿಯಲ್ಲಿ, ಸುಮಾರು 17 ಮೀಟರ್ ಆಳದಲ್ಲಿ, ಪ್ರಭು ಕ್ರಿಸ್ತರ ಕಂಚಿನ ಪ್ರತಿಮೆಯೊಂದು ನಿಂತಿದೆ. ಇಟಲಿಯಲ್ಲಿ ಉಸಿರಾಟದ ಉಪಕರಣದೊಂದಿಗೆ ಮುಳುಗಿದ ಮೊದಲಿಗರಲ್ಲಿ ಒಬ್ಬರಾದ ದಾರಿಯೊ ಗೊನ್ಜಾತ್ತಿ 1947ರಲ್ಲಿ ಆ ಪ್ರದೇಶದಲ್ಲಿಯೇ ಅಸುನೀಗಿದರು. ಕಡಲಿನ ತಳದಲ್ಲಿ ಕ್ರಿಸ್ತರ ಪ್ರತಿಮೆ ಇರಬೇಕೆಂಬ ಕಲ್ಪನೆ ಮುಳುಗುಗಾರ ದುಯಿಲಿಯೊ ಮರ್ಕಾಂತೆಯವರದು. ಗ್ವಿದೊ ಗಲ್ಲೆತ್ತಿ ಎಂಬ ಶಿಲ್ಪಿ ರೂಪಿಸಿದ ಆ ಪ್ರತಿಮೆಯನ್ನು 1954ರ ಆಗಸ್ಟ್ 22ರಂದು ಕಡಲಿಗಿಳಿಸಲಾಯಿತು. 2003ರಲ್ಲಿ ಅದನ್ನು ದುರಸ್ತಿಗಾಗಿ ಮೇಲೆತ್ತಿ, ಮರುವರ್ಷ ಮತ್ತೆ ಸ್ವಸ್ಥಾನಕ್ಕೆ ಸೇರಿಸಿದರು. ಕಡಲಿನಲ್ಲಿ ಪ್ರಾಣ ಕಳೆದುಕೊಂಡವರ ಸ್ಮರಣೆಗಾಗಿ ಬೇಸಿಗೆಯಲ್ಲಿ ಅಲ್ಲಿ ಮಾಲೆಯನ್ನು ಅರ್ಪಿಸುವ ಪದ್ಧತಿಯಿದೆ.

ಪ್ರತಿಮೆಯ ಎರಡೂ ತೋಳುಗಳು ಮೇಲಕ್ಕೆ ಎತ್ತಿಕೊಂಡಿವೆ. ಇಳಿದು ಬರುವವನಿಗೆ ಮೊದಲು ಕಾಣಿಸುವುದು ಆ ತೆರೆದ ಕೈಗಳೇ. ಕ್ರಿಸ್ತರು ಭಯವನ್ನು ಅರಿಯದವರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಗೆತ್ಸೆಮನಿ ತೋಪಿನಲ್ಲಿ ಅವರು ತಮ್ಮ ಕಳವಳವನ್ನು ಶಿಷ್ಯರಿಂದ ಬಚ್ಚಿಡಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿ, ತಮ್ಮೊಂದಿಗೆ ಎಚ್ಚರವಾಗಿರುವಂತೆ ಕೇಳಿಕೊಂಡರು. ಭಯವನ್ನು ಹೇಳಿಕೊಳ್ಳುವುದು ಅಳ್ಳೆದೆಯವರ ಲಕ್ಷಣವೆನ್ನುವವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು.

ಹೆತ್ತವರಿಗೆ ಎರಡು ಮಾತು

ಮಕ್ಕಳನ್ನು ಕಡಲಿಗೆ ಕಳಿಸಬೇಡಿ ಎನ್ನುವುದು ಈ ಲೇಖನದ ಆಶಯವಲ್ಲ. ಕಳಿಸುವ ಮೊದಲು ಕೆಲವನ್ನು ವಿಚಾರಿಸಿಕೊಳ್ಳಿ. ಒಂದು ದಿನದ ಪರಿಚಯಾತ್ಮಕ ಮುಳುಗುವಿಕೆಯೇ ಬೇರೆ, ಪ್ರಮಾಣಪತ್ರ ನೀಡುವ ತರಬೇತಿಯೇ ಬೇರೆ. ಮೊದಲನೆಯದರಲ್ಲಿ ಅಲ್ಪ ವಿವರಣೆಯ ಬಳಿಕ ತರಬೇತುದಾರನ ಜೊತೆಯಲ್ಲಿ ಇಳಿಸುತ್ತಾರೆ. ಪ್ಯಾಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಅದರ ಗರಿಷ್ಠ ಆಳ 12 ಮೀಟರ್. ಎರಡನೆಯದರಲ್ಲಿ ಈಜು ಬರುತ್ತದೆಯೇ ಎಂಬ ಪರೀಕ್ಷೆಯೂ ಹಂತಹಂತದ ಅಭ್ಯಾಸವೂ ಇರುತ್ತದೆ. ನೀರಿಗಿಳಿಯುವ ಮೊದಲು ಕಡಿಮೆ ಆಳದಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ, ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ, ಬೇಡವೆಂದವನನ್ನು ಒತ್ತಾಯಿಸದೆ ದೋಣಿಯಲ್ಲಿ ಉಳಿಯಲು ಬಿಡುತ್ತಾರೆಯೇ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಉಳಿದುದೆಲ್ಲವನ್ನೂ ಊಹಿಸಬಹುದು.

ಆರೋಗ್ಯದ ಬಗ್ಗೆ ಒಂದು ಪ್ರಶ್ನಾವಳಿಯನ್ನು ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಹಿಂದೆ ಬಂದಿದ್ದ ಗಾಬರಿಯ ಆಘಾತ, ಮನಸ್ಸಿಗಾಗಿ ಸೇವಿಸುವ ಔಷಧ, ಇವನ್ನೆಲ್ಲ ಮುಚ್ಚಿಟ್ಟು ಎಲ್ಲಕ್ಕೂ "ಇಲ್ಲ" ಎಂದು ಬರೆಯುವ ಚಾಳಿ ಕೆಲವರಲ್ಲಿದೆ. ವೈದ್ಯರ ಅನುಮತಿ ಬೇಕಾದೀತು, ಪ್ರವಾಸ ತಪ್ಪೀತು ಎಂಬುದು ಅವರ ಅಳುಕು. ಆದರೆ ಸುಳ್ಳು ಉತ್ತರವನ್ನು ಕಾಗದ ಒಪ್ಪಿಕೊಂಡರೂ ಕಡಲು ಒಪ್ಪುವುದಿಲ್ಲ.

ಎಲ್ಲಕ್ಕೂ ಮಿಗಿಲಾಗಿ, ಈ ತರಬೇತಿ ಆರಂಭವಾಗುವುದು ಕಡಲದಡದಲ್ಲಲ್ಲ, ಮನೆಯ ಊಟದ ಮಣೆಯ ಮುಂದೆ. "ಗಂಡುಮಗನಾಗಿ ಹೆದರುವುದೇ?" ಎಂದು ಕೇಳಿಸಿಕೊಂಡು ಬೆಳೆದವನು ದೋಣಿಯ ಅಂಚಿನಲ್ಲಿ ಕುಳಿತಾಗಲೂ "ಏನೂ ಇಲ್ಲ" ಎಂದೇ ಹೇಳುವನು. "ಯಾವುದಕ್ಕೆ ಹೆದರಿಕೆಯಾಗುತ್ತಿದೆ ಮಗಾ, ಹೇಳು" ಎಂದು ಕೇಳಿಸಿಕೊಂಡು ಬೆಳೆದವನು ತನ್ನ ತರಬೇತುದಾರನಿಗೆ "ಅಣ್ಣಾ, ನನಗೆ ಭಯವಾಗುತ್ತಿದೆ, ಸ್ವಲ್ಪ ನಿಲ್ಲೋಣ" ಎನ್ನಬಲ್ಲನು. ಸ್ವಲ್ಪ ಹೊತ್ತು ಕಳೆದು ಅವನು ಇಳಿಯಲೂಬಹುದು, ಇಳಿಯದೆ ದೋಣಿಯಲ್ಲಿ ಕುಳಿತು ಗೆಳೆಯರ ಬಟ್ಟೆಬರೆ ಕಾಯಲೂಬಹುದು. ಎರಡೂ ಮರ್ಯಾದೆಯ ಕೆಲಸಗಳೇ. ಸಂಜೆ ಅವನು ಮನೆಗೆ ಮರಳಿದಾಗ, ಎಷ್ಟು ಆಳಕ್ಕೆ ಇಳಿದೆ ಎಂದು ಕೇಳುವ ಮೊದಲು, ಹೆದರಿಕೆಯಾಯಿತೇ ಎಂದು ಕೇಳಿ. ಹೌದು ಎಂದರೆ ನಗಬೇಡಿ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪೂರ್ತಿ ಕೇಳಿ.